ಕುಟ್ಟಾಣಿ ಯಾಕೆ ಇತ್ತು, ಅಕ್ಕ?

ಪ್ರಶ್ನೆ: ನನ್ನ ಪುಳ್ಳಿಗೆ ಐದೂವರೆ ವರ್ಷ. ಶಾಲೆಯ ತಪಾಸಣೆಯಲ್ಲಿ ನಾಲ್ಕು ಹಲ್ಲು ಹುಳುಕಾಗಿದೆ ಎಂದು ಚೀಟಿ ಕೊಟ್ಟಿದ್ದಾರೆ. ‘ಹಾಲುಹಲ್ಲು ಹೇಗೂ ಬೀಳುತ್ತದೆ, ಅದಕ್ಕೆ ಯಾಕೆ ದುಡ್ಡು’ ಎನ್ನುತ್ತಾನೆ ಮಗ. ನಾವು ಉಮಿಕರಿಯಲ್ಲಿ ತಿಕ್ಕಿ ಬೆಳೆದವರು, ಆಗ ಯಾರಿಗೂ ಹೀಗೆಲ್ಲ ಇರಲಿಲ್ಲ. ಇದು ಈಗಿನ ಮಕ್ಕಳ ಕಾಯಿಲೆಯಾ? ನನಗೆ 63, ಎಲೆಯಡಿಕೆ ಅಭ್ಯಾಸ ಉಂಟು, ಹಲ್ಲೆಲ್ಲ ಗಟ್ಟಿ. ಈಚೆಗೆ ತಣ್ಣೀರು ತಾಗಿದರೆ ಮಾತ್ರ ಜುಂ ಎನ್ನುತ್ತದೆ.
– ಒಬ್ಬ ಅಜ್ಜಿ, ಪೆರ್ಲ

ಉತ್ತರ: ಯಾರಿಗೂ ಇರಲಿಲ್ಲವಾದರೆ ಮನೆಮನೆಯ ಜಗಲಿಯಲ್ಲಿ ಕುಟ್ಟಾಣಿ ಯಾಕೆ ಇತ್ತು ಅಕ್ಕ? ನನ್ನಜ್ಜನಿಗೆ ಅರುವತ್ತು ದಾಟುವಾಗ ಉಳಿದದ್ದು ಕೆಳಗಿನ ಎರಡೇ ಹಲ್ಲು. ಸಂಜೆ ಹೊತ್ತು ಹಿತ್ತಾಳೆ ಕುಟ್ಟಾಣಿಯಲ್ಲಿ ಎಲೆಯಡಿಕೆ ಗುದ್ದಿ ಕೊಡುವುದು ನಮ್ಮ ಪಾಳಿ. ಕೆಲವು ಹಲ್ಲು ಹುಳುಕಾಗಿ, ಕೆಲವು ವಸಡು ಸಡಿಲಾಗಿ ಹೋದವು. ‘ಪ್ರಾಯ ಆಯಿತು’ ಎಂದರು, ಮುಗಿಯಿತು. ಕಾಯಿಲೆ ಎಂದು ಲೆಕ್ಕಕ್ಕೇ ಹಿಡಿಯಲಿಲ್ಲ.

ಲೆಕ್ಕ ಹಿಡಿದದ್ದೂ ಉಂಟು. ಡೆಂಟಲ್ ಕೌನ್ಸಿಲ್ 2002–03ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿತು. 5 ವರ್ಷದ ಮಕ್ಕಳಲ್ಲಿ 100ಕ್ಕೆ ಸುಮಾರು 52 ಮಂದಿಗೆ ಹುಳುಕು. 35ರಿಂದ 44ರ ಪ್ರಾಯದವರಲ್ಲಿ ಸುಮಾರು 80, 65ರಿಂದ 74ರವರಲ್ಲಿ 85. ಅಂದರೆ ಪುಳ್ಳಿಗಿಂತ ಅಜ್ಜಿಯೇ ಮುಂದೆ!

ಇನ್ನು ನಿಮ್ಮ ಮಗನ ಮಾತು. ಬೀಳುವುದು ಹೌದು, ಆದರೆ ಯಾವಾಗ? ಮುಂದಿನ ಹಲ್ಲು ಆರು–ಏಳಕ್ಕೆ ಬೀಳುತ್ತದೆ, ಹಾಲಿನ ದವಡೆ ಹಲ್ಲು ಹತ್ತರಿಂದ ಹನ್ನೆರಡಕ್ಕೆ. ಚೀಟಿಯಲ್ಲಿರುವುದು ದವಡೆ ಹಲ್ಲಾದರೆ ಅದಿನ್ನೂ ಐದಾರು ವರ್ಷ ಚಕ್ಕುಲಿ ಅಗಿಯಬೇಕು, ಕೆಳಗಿನಿಂದ ಬರುವ ಹಲ್ಲಿಗೆ ಜಾಗವನ್ನೂ ಕಾದಿಡಬೇಕು. ಹಾಲುಹಲ್ಲಿನ ಹೊರಪದರ ತೆಳು. ಇಂದಿನ ಕಪ್ಪು ಚುಕ್ಕೆ ನರಕ್ಕೆ ಮುಟ್ಟಲು ಹೆಚ್ಚು ದಿನ ಬೇಡ. ಸಣ್ಣದಿರುವಾಗ ತುಂಬಿಸಿದರೆ ಖರ್ಚೂ ಸಣ್ಣದು.

ಮತ್ತೊಂದನ್ನು ನಾನು ದಿನಾ ನೋಡುತ್ತೇನೆ. ಆರರ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದೊಂದು ಹೊಸ ದವಡೆ ಹಲ್ಲು ಹುಟ್ಟುತ್ತದೆ. ಅದು ಕಾಯಂ ಹಲ್ಲು. ಬಿದ್ದು ಬಂದದ್ದಲ್ಲವಲ್ಲ, ಹಾಗಾಗಿ ಅದನ್ನೂ ಹಾಲುಹಲ್ಲೆಂದೇ ಬಿಟ್ಟುಬಿಡುತ್ತಾರೆ. ಒಂಬತ್ತಕ್ಕೆ ಕೆನ್ನೆ ಊದಿಸಿಕೊಂಡು ಬರುವ ಮಕ್ಕಳಲ್ಲಿ ಹೆಚ್ಚಿನವರದ್ದು ಇದೇ ಕಥೆ. ಟಾರ್ಚ್ ಹಿಡಿದು ಪುಳ್ಳಿಯ ಬಾಯಿಯ ಮೂಲೆ ನೋಡಿ.

ಸಿಹಿ ಪೂರ್ತಿ ಬಿಡಿಸಲು ಹೋಗಬೇಡಿ, ಆಗುವುದಿಲ್ಲ. ಊಟದ ಜೊತೆ ಪಾಯಸ ಉಣ್ಣಲಿ. ಕೆಡಿಸುವುದು ಗಂಟೆಗೊಂದು ಬಿಸ್ಕೆಟ್, ಮಲಗುವಾಗ ಸಕ್ಕರೆ ಹಾಕಿದ ಹಾಲು. ಪ್ರತಿ ಸಲವೂ ಬಾಯಿಯ ರೋಗಾಣು ಆ ಸಕ್ಕರೆಯಿಂದ ಹುಳಿ ಮಾಡಿ ಹಲ್ಲನ್ನು ಕರಗಿಸುತ್ತದೆ. ಸರಿಮಾಡಲು ಎಂಜಲಿಗೆ ಸಮಯ ಬೇಕಲ್ಲ? ಉಮಿಕರಿ ಹಲ್ಲನ್ನು ಸವೆಸುತ್ತದೆ ಅಷ್ಟೆ. ಫ್ಲೋರೈಡ್ ಇರುವ ಪೇಸ್ಟ್, ಬಟಾಣಿ ಕಾಳಿನಷ್ಟು, ದಿನಕ್ಕೆ ಎರಡು ಸಲ. ರಾತ್ರಿಯದ್ದನ್ನು ನೀವೇ ಉಜ್ಜಿಕೊಡಿ, ಮತ್ತೆ ಏನೂ ತಿನ್ನಿಸಬೇಡಿ.

ನಿಮ್ಮ ತಣ್ಣೀರಿನ ಜುಂ ಬಗ್ಗೆ: ಅಡಿಕೆ ಅಗಿದು ಮೇಲ್ಪದರ ಸವೆದಿರಬಹುದು, ವಸಡು ಕೆಳಗಿಳಿದು ಬೇರು ಕಾಣಿಸಿರಬಹುದು. ಬೇರಿಗೆ ಗಟ್ಟಿ ಕವಚವಿಲ್ಲ, ಈ ಪ್ರಾಯದಲ್ಲಿ ಹುಳುಕು ಅಲ್ಲಿಂದಲೂ ಹತ್ತುತ್ತದೆ. ನಮ್ಮದೂ ಅಡಿಕೆ ತೋಟವೇ. ಆದರೂ ಹೇಳುತ್ತೇನೆ, ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣ, ಹೊಗೆಸೊಪ್ಪು ಸೇರಿಸದಿದ್ದರೂ. ಬಾಯಿ ತೆರೆದಾಗ ಮೂರು ಬೆರಳು ಒಂದರ ಮೇಲೊಂದಾಗಿ ನೆಟ್ಟಗೆ ಒಳಗೆ ಹೋಗದಿದ್ದರೆ ಬಾಯಿ ಬಿಗಿಯುತ್ತಿದೆ ಎಂದರ್ಥ, ಈ ವಾರವೇ ತೋರಿಸಿ.

ಪುಳ್ಳಿಯನ್ನು ಹೊಟ್ಟೆ ತುಂಬಿಸಿ, ಬೆಳಗ್ಗಿನ ಹೊತ್ತು ಕರೆದುಕೊಂಡು ಹೋಗಿ. ‘ಗಲಾಟೆ ಮಾಡಿದರೆ ಸೂಜಿ ಚುಚ್ಚಿಸುತ್ತೇನೆ’ ಎಂದು ಹೆದರಿಸಬೇಡಿ. ಕುರ್ಚಿಯಲ್ಲಿ ಮೊದಲು ನೀವು ಕೂತು ಬಾಯಿ ತೆರೆಯಿರಿ. ಅವನಿಗೆ ಧೈರ್ಯ ಬರುತ್ತದೆ, ನಿಮ್ಮದನ್ನೂ ನೋಡಿದ ಹಾಗಾಗುತ್ತದೆ.