ಗೌರವ ಅಳೆಯುವ ಎರಡು ಕೊಳಗ

ಓದುಗರ ಪತ್ರ (ಸಂಗ್ರಹ): ನಾನು 34 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನಮ್ಮ ಶಾಸಕರು ಸದನದ ಒಳಗೂ ಹೊರಗೂ ಒಬ್ಬರನ್ನೊಬ್ಬರು ಏಕವಚನದಲ್ಲಿ ಬೈದಾಡುವುದನ್ನು ಟಿ.ವಿ.ಯಲ್ಲಿ ಕೇಳಿ ಕೇಳಿ ಸಾಕಾಗಿದೆ. ದಕ್ಷಿಣದ ಜಿಲ್ಲೆಗಳ ಮಾತು ಮೊದಲೇ ಒರಟು, ಈಗ ಅದು ರಾಜ್ಯಕ್ಕೆಲ್ಲ ಹಬ್ಬಿದೆ. ಮೊನ್ನೆ ನನ್ನ ಮೊಮ್ಮಗ, ‘ಅಜ್ಜಾ, ಮಂತ್ರಿಗಳೇ ಹೀಗೆ ಮಾತಾಡುವಾಗ ನಾನ್ಯಾಕೆ ದೊಡ್ಡವರಿಗೆಲ್ಲ ನೀವು ಅನ್ನಬೇಕು?’ ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಶಾಲೆಗಳಲ್ಲಿ ನೀತಿಪಾಠ ನಿಂತದ್ದೇ ಇದಕ್ಕೆಲ್ಲ ಕಾರಣವಲ್ಲವೇ? ನಿಮ್ಮ ಪತ್ರಿಕೆಯೂ ಅಂಥ ಮಾತುಗಳನ್ನು ಇದ್ದಹಾಗೆಯೇ ಅಚ್ಚು ಹಾಕುವುದು ಸರಿಯೇ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರ ಕೈಸೇರಿ ಮೂರು ವಾರವಾಯಿತು. ಓದಿದ ದಿನವೇ ನಾಲ್ಕು ಸಾಲು ಬರೆದು ಮುಗಿಸಬಹುದಾಗಿತ್ತು. ರಾಜಕಾರಣಿಗಳ ನಾಲಿಗೆಯ ಬಗ್ಗೆ ಬೇಸರ ತೋಡಿಕೊಳ್ಳಲು ಹೆಚ್ಚು ಯೋಚಿಸಬೇಕಾಗಿಲ್ಲ. ಆದರೆ ನಿಮ್ಮ ಮೊಮ್ಮಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿಮಗೆ ಉತ್ತರ ಹೊಳೆಯಲಿಲ್ಲವೆಂದು ಬರೆದಿದ್ದೀರಿ, ನನಗೂ ಹೊಳೆಯಲಿಲ್ಲ. ಏಕೆ ಹೊಳೆಯಲಿಲ್ಲ ಎಂದು ಹುಡುಕುತ್ತ ಹೋದಾಗ ವಿಧಾನಸೌಧಕ್ಕಿಂತ ಮೊದಲು ನನ್ನ ಸ್ವಂತ ಮನೆಯ ಅಂಗಳವೇ ಕಣ್ಣೆದುರು ಬಂತು. ಆದ್ದರಿಂದ ಈ ಉತ್ತರ ಸ್ವಲ್ಪ ದೀರ್ಘವಾಗುತ್ತದೆ, ಸಹಿಸಿಕೊಳ್ಳಬೇಕು.

ಮೊದಲಿಗೆ ಏಕವಚನದ ಪರವಾಗಿ ಒಂದೆರಡು ಮಾತು ಹೇಳಲು ಅಪ್ಪಣೆ ಕೊಡಿ. ದೇವರನ್ನು ನಾವು ಏಕವಚನದಲ್ಲಿಯೇ ಕರೆಯುತ್ತೇವೆ. ಕಷ್ಟ ಬಂದಾಗ ‘ಕಾಪಾಡಪ್ಪಾ ತಂದೆ’ ಎನ್ನುವ ಭಕ್ತರು ಬಹುವಚನ ಹುಡುಕಲು ಹೋಗುವುದಿಲ್ಲ. ಅನೇಕ ಮನೆಗಳಲ್ಲಿ ಅಪ್ಪ ‘ಬಂದರು’, ಅಮ್ಮ ‘ಬಂದಳು’. ಆ ‘ಬಂದಳು’ ಎಂಬುದರಲ್ಲಿ ಪ್ರೀತಿಯಿದೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಪ್ರೀತಿಯೇನೋ ಇದ್ದೇ ಇದೆ, ಆದರೆ ಅದೇ ಮನೆಯಲ್ಲಿ ಹೆಂಡತಿ ಗಂಡನನ್ನು ‘ರೀ’ ಎಂದೂ ಗಂಡ ಹೆಂಡತಿಯನ್ನು ‘ಲೇ’ ಎಂದೂ ಕರೆಯುವುದನ್ನು ಕೇಳಿದಾಗ ಪ್ರೀತಿಯೊಂದರಿಂದಲೇ ಈ ಲೆಕ್ಕ ಹೊಂದುವುದಿಲ್ಲ ಎಂದು ತಿಳಿಯುತ್ತದೆ. ದಕ್ಷಿಣದ ಜಿಲ್ಲೆಗಳ ಮಾತು ಒರಟು ಎಂಬ ನಿಮ್ಮ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಮಂಡ್ಯದ ಕಡೆಯ ಹಿರಿಯ ರೈತರೊಬ್ಬರು ತಮ್ಮ ಶಾಸಕರ ಹೆಗಲ ಮೇಲೆ ಕೈಯಿಟ್ಟು ‘ಏನಪ್ಪಾ, ನಮ್ಮೂರ್ ಕಡೆ ಬರೋದೇ ಬಿಟ್ಬುಟ್ಟಲ್ಲ’ ಎಂದರೆ ಅದರಲ್ಲಿ ಸಲುಗೆಯೂ ಇದೆ, ಕೇಳುವ ಹಕ್ಕೂ ಇದೆ; ಅವಮಾನ ಎಳ್ಳಷ್ಟೂ ಇಲ್ಲ. ಹುಬ್ಬಳ್ಳಿಯ ಕಂಡಕ್ಟರರು ಕಿಕ್ಕಿರಿದ ಬಸ್ಸಿನಲ್ಲಿ ಬೆವರು ಒರೆಸಿಕೊಳ್ಳುತ್ತ ಗದರುವಾಗಲೂ ‘ಒಳಗ ಹೋಗ್ರಿ, ಒಳಗ ಹೋಗ್ರಿ’ ಎನ್ನುತ್ತಾರೆ, ಆ ‘ರಿ’ ಸಿಟ್ಟಿನಲ್ಲಿಯೂ ಕಳಚುವುದಿಲ್ಲ. ಇವೆರಡೂ ಸೊಗಸಾದ ರೂಢಿಗಳೇ. ಎರಡರಲ್ಲಿಯೂ ನಾನು ಗಮನಿಸಿದ್ದು ಒಂದೇ ಸಂಗತಿ: ಹೇಳಿದ ಮಾತನ್ನು ಅದೇ ರೂಪದಲ್ಲಿ ಎದುರಿನವರು ಹಿಂದಿರುಗಿಸಬಹುದು. ಬಸ್ಸಿನ ಪ್ರಯಾಣಿಕರೂ ಕಂಡಕ್ಟರರಿಗೆ ‘ಸ್ವಲ್ಪ ತಡೀರಿ’ ಎನ್ನುತ್ತಾರೆ, ಶಾಸಕರೂ ಆ ರೈತರಿಗೆ ‘ಬರ್ತೀನಿ ಕಣಣ್ಣ’ ಎನ್ನಬಲ್ಲರು. ಹಿಂದಿರುಗಿಸಲಾಗದ ಏಕವಚನ ಎಲ್ಲಿದೆಯೋ ಅಲ್ಲಿಯೇ ಕೇಡಿರುವುದು.

ನಾನು ಹುಟ್ಟಿ ಬೆಳೆದದ್ದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ. ನನಗೆ ಎಂಟು ವರ್ಷವಿದ್ದಾಗ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಒಬ್ಬರಿಗೆ ಅರವತ್ತು ದಾಟಿತ್ತು. ಪ್ರಾಯದಲ್ಲಿ ಅಡಿಕೆ ಗೊನೆ ಕೊಯ್ಯಲು ಮರದಿಂದ ಮರಕ್ಕೆ ದಾಟುತ್ತಿದ್ದವರು, ಆ ಹೊತ್ತಿಗೆ ಸೊಪ್ಪು ತರುವುದು, ಅಗತೆ ಮಾಡುವುದು ಇಂಥ ಕೆಲಸಗಳಿಗೆ ಇಳಿದಿದ್ದರು. ನನ್ನ ಅಜ್ಜನಿಗಿಂತ ಅವರು ಹಿರಿಯರು. ಅಜ್ಜ ಅವರನ್ನು ‘ಬಾರೋ’ ಎನ್ನುತ್ತಿದ್ದರು, ಅಪ್ಪನೂ ಹಾಗೆಯೇ, ಎಂಟು ವರ್ಷದ ನಾನೂ ಹಾಗೆಯೇ. ಅವರು ನನಗೆ ‘ಸಣ್ಣ ಒಡೇರು ಶಾಲೆಗೆ ಹೊರಟ್ರಾ’ ಎನ್ನುತ್ತಿದ್ದರು. ಅಂಗಳದ ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಮೇಲಿನಿಂದ ಹೊಯ್ದ ಕಾಫಿಯನ್ನು ಗರಟೆಯಲ್ಲಿ ಕುಡಿಯುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಹಿರಿಯರ ಕಾಲಿಗೆ ನಮಸ್ಕರಿಸಬೇಕೆಂಬ ಕಟ್ಟುನಿಟ್ಟು ನಮ್ಮ ಮನೆಯಲ್ಲಿತ್ತು, ಮತ್ತು ಹಿರಿಯರೆಂದರೆ ವಯಸ್ಸಿನಲ್ಲಿ ಹಿರಿಯರೆಂದೇ ನಮಗೆ ಕಲಿಸಿದ್ದರು. ಜಗಲಿಯಲ್ಲಿ ಕಲಿಸಿದ ಆ ಪಾಠ ಅಂಗಳದ ತುದಿಯನ್ನು ಮುಟ್ಟುವಷ್ಟರಲ್ಲಿ ಹೇಗೆ ಮುಗಿದುಹೋಗುತ್ತಿತ್ತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವರು ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಬದುಕಿದ್ದಾಗ ಒಮ್ಮೆಯೂ ಅವರಿಗೆ ‘ನೀವು’ ಎನ್ನಲಿಲ್ಲವೆಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ.

ನಮ್ಮ ತಾಲ್ಲೂಕಿನಲ್ಲಿಯೇ ಕಾಗೋಡು ಇದೆ. 1951ರಲ್ಲಿ ಅಲ್ಲಿನ ಗೇಣಿದಾರರು, ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು, ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದ್ದು ನಿಮಗೆ ತಿಳಿದೇ ಇದೆ. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಮೂಲದಲ್ಲಿದ್ದದ್ದು ಒಂದು ಕೊಳಗ, ಅಂದರೆ ಧಾನ್ಯ ಅಳೆಯುವ ಪಾತ್ರೆ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರು ವಾಡಿಕೆಯ ಅಳತೆಗಿಂತ ದೊಡ್ಡ ಕೊಳಗ ಹಿಡಿಯುತ್ತಾರೆ ಎಂಬುದು ರೈತರ ದೂರಾಗಿತ್ತು. ಮುಂದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು, ಭತ್ತದ ಕೊಳಗದ ಜಗಳ ಅಲ್ಲಿಗೆ ಮುಗಿಯಿತು. ಮಾತಿನಲ್ಲಿ ಮಾತ್ರ ಎರಡು ಕೊಳಗಗಳು ಉಳಿದುಕೊಂಡವು: ನಮಗೆ ಬರಬೇಕಾದ ಗೌರವವನ್ನು ದೊಡ್ಡದರಲ್ಲಿ ಅಳೆದುಕೊಳ್ಳುತ್ತೇವೆ, ನಾವು ಕೊಡಬೇಕಾದದ್ದನ್ನು ಚಿಕ್ಕದರಲ್ಲಿ ಅಳೆದು ಕೊಡುತ್ತೇವೆ.

ಈಗ ಸದನದ ವಿಷಯಕ್ಕೆ ಬರುತ್ತೇನೆ. ಒಬ್ಬ ಶಾಸಕರು ಇನ್ನೊಬ್ಬರಿಗೆ ‘ನೀನ್ಯಾರೋ ಕೇಳೋಕೆ’ ಎಂದಾಗ ಆ ಮಾತು ಏಕೆ ಅಷ್ಟು ಚುಚ್ಚುತ್ತದೆ? ನಿಘಂಟಿನಲ್ಲಿ ಹುಡುಕಿದರೆ ಅದರಲ್ಲಿ ಬೈಗುಳವೆಂಬುದು ಒಂದೂ ಸಿಗುವುದಿಲ್ಲ. ಆ ಸ್ವರದಲ್ಲಿ ಕರೆಸಿಕೊಳ್ಳಲೆಂದೇ ನಾವು ಕೆಲವರನ್ನು ತೆಗೆದಿಟ್ಟಿದ್ದೇವೆ, ಆದ್ದರಿಂದ ಅದು ಚುಚ್ಚುತ್ತದೆ. ಏಕವಚನಕ್ಕೆ ಗುರಿಯಾದ ನಾಯಕರು ಹೊರಬಂದು ಮೈಕಿನ ಮುಂದೆ ‘ನಾನೇನು ಇವರ ಮನೆ ಆಳೇ?’ ಎಂದು ಕೇಳುತ್ತಾರೆ. ನೋಡುವ ನಮಗೆಲ್ಲ ಆ ಪ್ರಶ್ನೆ ನ್ಯಾಯವಾದದ್ದೆಂದೇ ಅನ್ನಿಸುತ್ತದೆ. ಮನೆಯ ಆಳಾದರೆ ಹಾಗೆ ಮಾತಾಡಿಸಬಹುದು ಎಂಬ ಒಪ್ಪಿಗೆ ಆ ದೂರಿನ ಹೊಟ್ಟೆಯಲ್ಲಿಯೇ ಇದೆ. ನಮಗೆ ಸಿಟ್ಟು ಬರುವುದು ದೊಡ್ಡವರೊಬ್ಬರನ್ನು ಚಿಕ್ಕವರ ಸ್ಥಾನದಲ್ಲಿ ನಿಲ್ಲಿಸಿದರೆಂದು. ಅಂಥದೊಂದು ಸ್ಥಾನವನ್ನು ಉಳಿಸಿಕೊಂಡು ಬಂದವರು ನಾವೇ ಎಂಬುದು ಆ ಸಿಟ್ಟಿನಲ್ಲಿ ಮರೆಯಾಗಿಬಿಡುತ್ತದೆ.

ನಾನು ಈಗ ಬೆಂಗಳೂರಿನಲ್ಲಿ ವಾಸವಾಗಿರುವ ವಸತಿ ಸಮುಚ್ಚಯದಲ್ಲಿ ಕಳೆದ ವರ್ಷ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. ಗೇಟಿನ ಕಾವಲಿಗಿರುವ ಯುವಕರೊಬ್ಬರು ಬಿಹಾರದಿಂದ ಬಂದವರು. ಎರಡು ವರ್ಷದಲ್ಲಿ ಸಾಕಷ್ಟು ಕನ್ನಡ ಕಲಿತಿದ್ದರು. ಒಂದು ಸಂಜೆ ನಿವಾಸಿಗಳ ಹಿರಿಯ ಬಂಧುವೊಬ್ಬರ ಕಾರನ್ನು ತಡೆದು ‘ಸಾರ್, ನಿಲ್ಲು. ಇಲ್ಲಿ ಹೆಸರು ಬರಿ’ ಎಂದರು. ಅದು ದೊಡ್ಡ ರಾದ್ಧಾಂತವಾಯಿತು. ಭಾನುವಾರದ ಸಭೆಯಲ್ಲಿ ‘ಭಾಷೆ ಕಲಿತರೂ ಮರ್ಯಾದೆ ಕಲಿಯಲಿಲ್ಲ’ ಎಂದು ಅನೇಕರು ಗುಡುಗಿದರು. ಆ ಯುವಕರನ್ನು ಕರೆಸಿ, ಕನ್ನಡವನ್ನು ಎಲ್ಲಿ ಕಲಿತಿರಿ ಎಂದು ಕೇಳಿದಾಗ ಅವರು ತಮಗೆ ಗೊತ್ತಿದ್ದ ಮಾತುಗಳನ್ನು ಒಂದೊಂದಾಗಿ ಹೇಳಿದರು: ಬಾ, ಹೋಗು, ನಿಲ್ಲು, ಗೇಟ್ ತೆಗಿ, ಗಾಡಿ ಒರೆಸು, ಅಲ್ಲಿ ಇಡು. ಅವೆಲ್ಲವೂ ನಾವೇ ಅವರಿಗೆ ಹೇಳಿದ ಮಾತುಗಳು. ಎರಡು ವರ್ಷ ಅವರ ಕಿವಿಗೆ ಬಿದ್ದ ಕನ್ನಡದಲ್ಲಿ ಬಹುವಚನವೇ ಇರಲಿಲ್ಲ. ‘ಸಾರ್’ ಎಂಬುದೊಂದನ್ನು ಮಾತ್ರ ತಾವಾಗಿಯೇ ಸೇರಿಸಿಕೊಂಡಿದ್ದರು. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಂದು ಅಲ್ಲಿದ್ದವರಲ್ಲಿ ನಾನೂ ಒಬ್ಬ.

ಹೆಸರುಗಳನ್ನು ಬದಲಾಯಿಸುವುದರಲ್ಲಿ ನಾವು ಮುಂದಿದ್ದೇವೆ. ಮಲ ಹೊರುವ ಪದ್ಧತಿಯನ್ನು ಎಪ್ಪತ್ತರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧಿಸಿದರು. ಜಾಡಮಾಲಿ ಎಂಬ ಹಳೆಯ ಹೆಸರು ಹೋಗಿ ಪೌರಕಾರ್ಮಿಕರು ಎಂಬ ಘನವಾದ ಹೆಸರು ಬಂತು. ಸೆಪ್ಟೆಂಬರ್ 23ರಂದು ಅವರ ದಿನಾಚರಣೆ ನಡೆಯುತ್ತದೆ. ಅಂದು ವೇದಿಕೆಯ ಮೇಲೆ ‘ಪೌರಕಾರ್ಮಿಕ ಬಂಧುಗಳೇ’ ಎಂದು ಕರೆಸಿಕೊಂಡವರು ಮರುದಿನ ಬೆಳಿಗ್ಗೆ ಆರು ಗಂಟೆಗೆ ಬೀದಿಯಲ್ಲಿ ‘ಏಯ್, ಈ ಕಡೆದು ಯಾರು ಗುಡಿಸ್ತಾರೆ?’ ಎಂದು ಕರೆಸಿಕೊಳ್ಳುತ್ತಾರೆ.

ಶಾಸನಸಭೆಗೆ ಒಂದು ಒಳ್ಳೆಯ ರೂಢಿಯಿದೆ. ಸದಸ್ಯರು ಪರಸ್ಪರ ನೇರವಾಗಿ ಮಾತಾಡದೆ ‘ಮಾನ್ಯ ಸಭಾಧ್ಯಕ್ಷರೇ’ ಎಂದು ಪೀಠದ ಮೂಲಕವೇ ಮಾತಾಡಬೇಕು. ಎದುರಾಳಿಯನ್ನು ‘ನೀನು’ ಎನ್ನಲೂ ‘ನೀವು’ ಎನ್ನಲೂ ಅಲ್ಲಿ ಆಸ್ಪದವಿಲ್ಲ, ‘ಅವರು’ ಎನ್ನಬೇಕು. ಇದನ್ನು ಬರಿಯ ಶಿಷ್ಟಾಚಾರವೆಂದು ಅನೇಕರು ತಿಳಿದಿದ್ದಾರೆ, ನನಗೆ ಅದರಲ್ಲಿ ಮನುಷ್ಯ ಸ್ವಭಾವದ ಬಗ್ಗೆ ಆಳವಾದ ತಿಳಿವಳಿಕೆ ಕಾಣುತ್ತದೆ. ಕಣ್ಣಿಗೆ ಕಣ್ಣು ಕೊಟ್ಟು ನಿಂತರೆ ನಾಲಿಗೆ ಹಿಡಿತಕ್ಕೆ ಸಿಗುವುದಿಲ್ಲ. ಮೂರನೆಯವರಿಗೆ ಹೇಳುವಂತೆ ಹೇಳಬೇಕಾದಾಗ ಸಿಟ್ಟು ಅರ್ಧ ದಾರಿಯಲ್ಲಿಯೇ ಇಳಿಯುತ್ತದೆ. ಮೀರಿದ ಮಾತನ್ನು ಕಡತದಿಂದ ತೆಗೆದುಹಾಕುವ ಅಧಿಕಾರವೂ ಪೀಠಕ್ಕಿದೆ, ಆದರೆ ಕಲಾಪದ ನೇರಪ್ರಸಾರ ಬಂದ ಮೇಲೆ ಕಡತದಿಂದ ಹೋದ ಮಾತು ಅಷ್ಟರಲ್ಲಾಗಲೇ ಲಕ್ಷಾಂತರ ಫೋನುಗಳನ್ನು ಸೇರಿರುತ್ತದೆ. ಅದನ್ನು ಹಂಚಿದವರು ಶಾಸಕರಲ್ಲ, ನಾವು. ಚುನಾವಣಾ ಸಭೆಯಲ್ಲಿ ಏಕವಚನಕ್ಕೆ ಬೀಳುವ ಶಿಳ್ಳೆ ಅಂಕಿಅಂಶ ಹೇಳಿದಾಗ ಬೀಳುವುದಿಲ್ಲವೆಂದು ಪ್ರತಿಯೊಬ್ಬ ಭಾಷಣಕಾರರಿಗೂ ಗೊತ್ತಿದೆ. ಅದೇ ಜನ ಅದೇ ನಾಯಕರಿಗೆ ಕ್ರೇನಿನಲ್ಲಿ ಸೇಬಿನ ಹಾರ ತೂಗಿಸುತ್ತಾರೆ. ಹಾರ, ತುರಾಯಿ, ಶಾಲುಗಳ ಬದಲು ಕನ್ನಡ ಪುಸ್ತಕ ಕೊಡಿರೆಂದು 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೇ ತನ್ನ ಸಮಾರಂಭಗಳ ಮಟ್ಟಿಗೆ ಸೂಚಿಸಿತು, ಆದರೂ ಬೀದಿಯಲ್ಲಿ ಸೇಬು ತೂಗುವುದು ನಿಲ್ಲಲಿಲ್ಲ. ಮೇಲಿನವರಿಗೆ ಅಳತೆ ಮೀರಿ ಬಾಗುವುದು, ಕೆಳಗಿನವರ ಮುಂದೆ ಅಳತೆ ಮೀರಿ ಸೆಟೆಯುವುದು ಒಂದೇ ಬೆನ್ನಿನ ಅಭ್ಯಾಸವೆಂದು ನಾನು ನಂಬಿದ್ದೇನೆ.

ನೀತಿಪಾಠ ನಿಂತದ್ದೇ ಕಾರಣವೆಂಬ ನಿಮ್ಮ ಮಾತನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ. ನನ್ನ ಬಾಲ್ಯದಲ್ಲಿ ನೀತಿಪಾಠ ಧಾರಾಳವಾಗಿತ್ತು, ಮತ್ತು ಅದರ ಪಾಡು ಏನಾಯಿತೆಂದು ಮೇಲೆ ಹೇಳಿದ್ದೇನೆ. ಬಂದವರನ್ನು ‘ಬಂದಿರಾ, ಚೆನ್ನಾಗಿದ್ದೀರಾ’ ಎಂದು ಕೇಳಿದರೆ ನಿಮ್ಮ ಸಿರಿ ಹಾರಿಹೋಗುತ್ತದೆಯೇ, ಕುಳಿತುಕೊಳ್ಳಿ ಎಂದರೆ ನೆಲ ಕುಸಿಯುತ್ತದೆಯೇ ಎಂದು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಕೇಳಿದ್ದನ್ನು ನೀವು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿರಬೇಕು. ಬೇರೆಯವರಿಗೆ ಗೌರವ ಕೊಟ್ಟರೆ ನಮ್ಮದರಲ್ಲಿ ಅಷ್ಟು ಕಡಿಮೆಯಾಗುತ್ತದೆ ಎಂಬ ಭಯ ಅಂದೂ ಇತ್ತು, ಇಂದೂ ಇದೆ. ಈಗಿನ ಹುಡುಗರು ‘ಗುರೂ’, ‘ಮಗಾ’, ‘ಬ್ರೋ’ ಎನ್ನುವುದು ನಿಮ್ಮ ಕಿವಿಗೆ ಹಿತವಾಗದಿರಬಹುದು. ಆದರೆ ಊಟ ತಂದುಕೊಟ್ಟ ಸವಾರನಿಗೆ ಒಬ್ಬ ಹುಡುಗ ‘ಥ್ಯಾಂಕ್ಸ್ ಬ್ರೋ’ ಎಂದಾಗ ಆತನೂ ‘ಓಕೆ ಬ್ರೋ’ ಎನ್ನುತ್ತಾನೆ. ಅಲ್ಲಿ ಮಾತು ಹಿಂದಿರುಗುತ್ತದೆ.

ಹಾಗೆ ಬರೆದ ಮೇಲೆ ಈಗಿನ ಸಾಲನ್ನೇ ಮತ್ತೊಮ್ಮೆ ಓದಿದೆ. ಸವಾರನನ್ನು ‘ಆತ’ ಎಂದು ಬರೆದಿದ್ದೇನೆ. ಮಂತ್ರಿಗಳನ್ನು ಎಲ್ಲಿಯೂ ಹಾಗೆ ಬರೆದಿಲ್ಲ. ಅದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ, ನಮ್ಮ ಪತ್ರಿಕೆಯ ರೂಢಿ ಏನೆಂದು ನಿಮಗೆ ಅದರಿಂದಲೇ ತಿಳಿಯಲಿ. ಜೇಬುಗಳ್ಳತನದ ಆರೋಪ ಹೊತ್ತವರು ನಮ್ಮ ವರದಿಗಳಲ್ಲಿ ಬಂಧನವಾದ ಕ್ಷಣದಿಂದ ‘ಆತ’, ‘ಆಕೆ’. ಕೋಟಿಗಟ್ಟಲೆ ಅವ್ಯವಹಾರದ ಆರೋಪ ಹೊತ್ತ ಅಧಿಕಾರಸ್ಥರು ಜೈಲಿಗೆ ಹೋದರೂ ‘ಅವರು’. ಇಬ್ಬರ ಅಪರಾಧವೂ ನ್ಯಾಯಾಲಯದಲ್ಲಿ ಸಾಬೀತಾಗಿರುವುದಿಲ್ಲ. ನಿಮ್ಮ ಪತ್ರವನ್ನು ಮುಂದಿಟ್ಟುಕೊಂಡು ಸಂಪಾದಕ ಬಳಗ ಎರಡು ದಿನ ಚರ್ಚಿಸಿತು. ಮುಂದಿನ ಸಂಚಿಕೆಯಿಂದ ವಯಸ್ಕರೆಲ್ಲರಿಗೂ, ಅವರ ಕಸುಬು ಯಾವುದೇ ಇರಲಿ, ಬಹುವಚನವನ್ನೇ ಬಳಸುತ್ತೇವೆ; ಆರೋಪಿಗಳಿಗೂ ಅಷ್ಟೇ. ಘೋರ ಅಪರಾಧ ಸಾಬೀತಾಗಿ ಶಿಕ್ಷೆಯಾದವರಿಗೆ ಯಾವ ರೂಪ ಎಂಬ ಬಗ್ಗೆ ನಮ್ಮಲ್ಲಿ ಒಮ್ಮತ ಮೂಡಿಲ್ಲ. ನೊಂದವರ ಮನೆಯವರು ಆ ‘ಅವರು’ ಎಂಬುದನ್ನು ಹೇಗೆ ಓದಿಯಾರು ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದ್ದು ತೂಕದ ಪ್ರಶ್ನೆಯೇ ಆಗಿದೆ. ಆ ಚರ್ಚೆ ಮುಂದುವರಿಯುತ್ತದೆ. ರಾಜಕಾರಣಿಗಳ ಏಕವಚನದ ಬೈಗುಳವನ್ನು ಇನ್ನು ತಲೆಬರಹದಲ್ಲಿ ಹಾಕುವುದಿಲ್ಲ. ಆ ಮಾತೇ ಸುದ್ದಿಯಾದಾಗ, ಅಂದರೆ ದೂರು ದಾಖಲಾದಾಗ ಅಥವಾ ಪೀಠ ಕ್ರಮ ಕೈಗೊಂಡಾಗ, ಒಳಗೆ ಒಮ್ಮೆ ಇದ್ದಹಾಗೆಯೇ ಅಚ್ಚಾಗುತ್ತದೆ. ಅದನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಮೋಸವಾಗುತ್ತದೆ.

ನಿಮ್ಮ ಮೊಮ್ಮಗನಿಗೆ ನಾನು ಹೇಳಬಲ್ಲದ್ದು ಇಷ್ಟು: ಮಂತ್ರಿಗಳ ಚಿಂತೆ ಸದ್ಯಕ್ಕೆ ಬಿಡು, ನಾಳೆ ಬೆಳಿಗ್ಗೆ ಕಸದ ಗಾಡಿಯವರು ಬಂದಾಗ ಅಜ್ಜನ ಜೊತೆ ಬಾಗಿಲಿಗೆ ಹೋಗು, ಅಜ್ಜ ಅವರನ್ನು ಹೇಗೆ ಮಾತಾಡಿಸುತ್ತಾರೆ ಕೇಳಿಸಿಕೋ, ನೀನೂ ಹಾಗೆಯೇ ಮಾತಾಡಿಸು. ನಿಮ್ಮ ಮೇಲೆ ಇದು ಭಾರ ಹೊರಿಸಿದಂತಾಯಿತು, ಕ್ಷಮಿಸಬೇಕು. ಮುಂದಿನ ಸಂಚಿಕೆಯನ್ನು ನಿಮ್ಮ ವಿಳಾಸಕ್ಕೆ ಕಳಿಸುತ್ತಿದ್ದೇವೆ. ಹಳೆಯ ಅಭ್ಯಾಸ ಒಂದು ನಿರ್ಣಯಕ್ಕೆಲ್ಲ ಬಿಡುವುದಿಲ್ಲವಾದ್ದರಿಂದ ನಾವು ಮಾತಿಗೆ ತಪ್ಪಿದ ಕಡೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದಕ್ಕೆ ಕಳಿಸಿಕೊಡಿ. ಅಂಚೆಯ ಖರ್ಚು ನಮ್ಮದು.

ಇತಿ ನಿಮ್ಮ ವಿಶ್ವಾಸಿ,
ಸಂಪಾದಕ