ಊರಿನ ಸಣ್ಣ ದಕ್ಕೆಗೆ ಡ್ರಮ್ ಹಾಕಿ ತೇಲುವ ಜೆಟ್ಟಿ ಕಟ್ಟಬಹುದಾ? ಮಳೆಗಾಲ ತಡೆಯುತ್ತಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹೊಳೆ ಬದಿಯ ಸಣ್ಣ ದಕ್ಕೆ, ಅಂದರೆ ದೋಣಿ ನಿಲ್ಲಿಸಿ ಮೀನು ಇಳಿಸುವ ಕಟ್ಟೆ. ಹತ್ತು ದೋಣಿಗೆ ಆಗುವಷ್ಟು ಜಾಗ, ಈಗ ಇಪ್ಪತ್ತರ ಮೇಲೆ ದೋಣಿಗಳಿವೆ. ಇಳಿತದ ಹೊತ್ತಿಗೆ ದೋಣಿ ತಗ್ಗಿಗೆ ಹೋಗಿ ಮೀನಿನ ಬುಟ್ಟಿ ಮೇಲೆ ಕೊಡುವುದೇ ಕಷ್ಟ. ಕಾಂಕ್ರೀಟ್ ದಕ್ಕೆ ಉದ್ದ ಮಾಡಲು ದುಡ್ಡಿಲ್ಲ. ಪ್ಲಾಸ್ಟಿಕ್ ಡ್ರಮ್ ಮೇಲೆ ಹಲಗೆ ಹೊಡೆದು ಊರವರೇ ತೇಲುವ ಜೆಟ್ಟಿ ಮಾಡಿಕೊಂಡರೆ ಹೇಗೆ, ಎಷ್ಟು ಡ್ರಮ್ ಬೇಕು, ಮಳೆಗಾಲ ತಡೆಯುತ್ತದಾ ಅಂತ ಕೇಳಿದ್ದೀರಿ.

ಮಾಡಬಹುದು. ನಾವು ಮಾಡಿದ್ದೇವೆ. ನಾನು ವೆಲ್ಡಿಂಗ್ ಕೆಲಸದವನು, ಮಲ್ಪೆಯಲ್ಲಿ ಬೋಟ್ ರಿಪೇರಿ ಮಾಡುತ್ತಲೇ ಕೆಲಸ ಕಲಿತೆ. ನಮ್ಮ ಊರು ಸ್ವರ್ಣಾ ಹೊಳೆ ಬದಿ. ಕೋಡಿಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ ಎರಡೂ ಸೇರಿ ಸಮುದ್ರಕ್ಕೆ ಹೋಗುತ್ತವಲ್ಲ, ಆ ಅಳಿವೆಯಿಂದ ಮೇಲಕ್ಕೆ. ನಮ್ಮ ಮೊದಲ ಜೆಟ್ಟಿ ಒಂದೇ ಮಳೆಗಾಲಕ್ಕೆ ಕಿತ್ತುಕೊಂಡು ಹೋಯಿತು. ಎರಡನೆಯದು ಇವತ್ತಿಗೂ ಇದೆ. ಎರಡಕ್ಕೂ ಹಾಕಿದ್ದು ಅದೇ ಡ್ರಮ್ಮುಗಳು. ಹಾಗಾಗಿ ಡ್ರಮ್ ಎಷ್ಟು ಅನ್ನುವ ಮೊದಲು, ಜೆಟ್ಟಿಯನ್ನು ಯಾವುದಕ್ಕೆ ಕಟ್ಟುತ್ತೀರಿ, ಯಾವಾಗ ಬಿಚ್ಚುತ್ತೀರಿ ಅನ್ನುವುದನ್ನು ಯೋಚಿಸಿ ಅಂತ ನಾನು ಹೇಳುವುದು.

ಅದಕ್ಕೂ ಮುಂಚೆ ಒಂದು ವಾರ ದಕ್ಕೆಯಲ್ಲಿ ಕೂತು ನೋಡಿ. ಯಾವ ದೋಣಿ ಎಷ್ಟು ಹೊತ್ತಿಗೆ ಬರುತ್ತದೆ, ಮೀನು ಇಳಿಸಿದ ಮೇಲೆ ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ ಅಂತ ಬರೆದಿಡಿ. ನಮ್ಮಲ್ಲಿ ನೋಡಿದಾಗ ಮೀನು ಇಳಿಸಲು ಬೇಕಾಗಿದ್ದು ಅರ್ಧ ಗಂಟೆಯೂ ಅಲ್ಲ, ಆಮೇಲೆ ದೋಣಿ ಸುಮ್ನೆ ಮರುದಿನದವರೆಗೆ ಅಲ್ಲೇ ಇರುತ್ತಿತ್ತು. ಇಳಿಸಿದ ದೋಣಿಗಳನ್ನು ಹೊಳೆಯಲ್ಲಿ ಸ್ವಲ್ಪ ಒಳಗೆ ಬೋಯ (ಲಂಗರು ಹಾಕಿದ ತೇಲುಗುಂಡು) ಹಾಕಿ ಕಟ್ಟಲು ಶುರು ಮಾಡಿದ ಮೇಲೆ ಅರ್ಧ ಒತ್ತಡ ಕಡಿಮೆಯಾಯಿತು. ನಾವು ಮೊದಲು 24 ಮೀಟರ್ ಉದ್ದದ ಜೆಟ್ಟಿ ಬೇಕು ಅಂದುಕೊಂಡಿದ್ದೆವು. ಕೊನೆಗೆ 12 ಮೀಟರ್ ಸಾಕಾಯಿತು.

ಜಾಗದ ವಿಷಯ. ಹೊಳೆಯ ಒಳಗೆ, ಅಲೆ ಬಾರದ ಕಡೆ ಮಾತ್ರ ಹಾಕಿ. ತೆರೆದ ಸಮುದ್ರಕ್ಕೆ ಈ ಕೆಲಸ ಆಗುವುದಿಲ್ಲ. 2022ರ ಮೇ ತಿಂಗಳಲ್ಲಿ ಮಲ್ಪೆ ಬೀಚಿನಲ್ಲಿ ಪ್ರವಾಸಿಗರಿಗೆಂದು ತೇಲುವ ಸೇತುವೆ ಹಾಕಿದ್ದರು. ಕೆಲವೇ ದಿನಗಳಲ್ಲಿ ಸಮುದ್ರ ಎದ್ದು ಅದು ಬಿಟ್ಟುಕೊಂಡಿತು. ಅದೇ ಥರದ ಪ್ಲಾಸ್ಟಿಕ್ ಬ್ಲಾಕ್ ಹೊಳೆಯ ನಿಂತ ನೀರಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಕೊಚ್ಚಿಯಲ್ಲಿ 2023ರಲ್ಲಿ ಶುರುವಾದ ವಾಟರ್ ಮೆಟ್ರೋದಲ್ಲಿ ಬೋಟ್ ಹತ್ತುವ ಜಾಗಗಳೆಲ್ಲ ತೇಲುವ ಜೆಟ್ಟಿಗಳೇ. ಅವೂ ಹಿನ್ನೀರಿನಲ್ಲಿ ಇರುವಂಥವು. ಆ ಕಡೆ ಹೋದರೆ ಒಂದು ಸ್ಟೇಷನ್‌ನಲ್ಲಿ ನಿಂತು, ಜೆಟ್ಟಿಯನ್ನು ಹೇಗೆ ಹಿಡಿದಿಟ್ಟಿದ್ದಾರೆ ಅಂತ ಕಣ್ಣಾರೆ ನೋಡಿ ಬನ್ನಿ.

ನಮ್ಮ ಕರಾವಳಿಯಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರು ಇಳಿತದ ನಡುವೆ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ ಬರುತ್ತದೆ. ನಿಮ್ಮ ಬುಟ್ಟಿ ಎತ್ತುವ ಕಷ್ಟಕ್ಕೆ ಕಾರಣ ಈ ಒಂದೂವರೆ ಮೀಟರೇ. ತೇಲುವ ಜೆಟ್ಟಿ ದೋಣಿಯ ಜೊತೆಗೇ ಏರಿ ಇಳಿಯುವುದರಿಂದ ಆ ಕಷ್ಟ ಪೂರ್ತಿ ಹೋಗುತ್ತದೆ. ಬುಟ್ಟಿ ಹೊರುವ ಹೆಂಗಸರು ಮೊದಲ ದಿನವೇ ವ್ಯತ್ಯಾಸ ಹೇಳಿದರು. ಅಮಾವಾಸ್ಯೆಯ ಇಳಿತಕ್ಕೆ ಒಂದು ಉದ್ದದ ಕೋಲು ಹಿಡಿದು, ಎರಡೆರಡು ಮೀಟರಿಗೆ ಒಂದು ಕಡೆ ಆಳ ಅಳೆಯಿರಿ. ಆಗಲೂ ದೋಣಿಯ ತಳ ತಾಗದಷ್ಟು ನೀರು ಇರಬೇಕು. ಜೆಟ್ಟಿಯನ್ನು ಹೊಳೆ ಹರಿಯುವ ದಿಕ್ಕಿಗೆ ಉದ್ದಕ್ಕೆ ಹಾಕಿ, ಅಡ್ಡಕ್ಕೆ ಬೇಡ. ಅಡ್ಡ ಹಾಕಿದರೆ ಮಡಲು, ಕೊಂಬೆ, ಅಂತರಗಂಗೆ ಎಲ್ಲ ಬಂದು ಸಿಕ್ಕಿಕೊಳ್ಳುತ್ತವೆ, ಹಿಂದೆ ಹೂಳೂ ತುಂಬುತ್ತದೆ.

ಇನ್ನು ಡ್ರಮ್ ಲೆಕ್ಕ. 200 ಲೀಟರಿನ ಡ್ರಮ್ ಪೂರ್ತಿ ಮುಳುಗಿದರೆ 200 ಕೆಜಿ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅದರ ಸ್ವಂತ ತೂಕ ಕಳೆದರೆ ಸುಮಾರು 190 ಕೆಜಿ ಹೊರುತ್ತದೆ. ನಮ್ಮದು 12 ಮೀಟರ್ ಉದ್ದ, 2.4 ಮೀಟರ್ ಅಗಲ. ಕಬ್ಬಿಣದ ಫ್ರೇಮ್, ಹಲಗೆ ಸೇರಿ ಸುಮಾರು ಒಂದೂವರೆ ಟನ್. ಬುಟ್ಟಿ ಹೊತ್ತ ನಲವತ್ತು ಜನ ಒಟ್ಟಿಗೆ ನಿಂತರು ಅಂತ ಇಟ್ಟುಕೊಳ್ಳಿ, ತಲಾ 90 ಕೆಜಿ ಅಂದರೂ 3,600 ಕೆಜಿ. ಎರಡೂ ಸೇರಿ ಐದು ಟನ್ ದಾಟುತ್ತದೆ. 27 ಡ್ರಮ್ ಸಾಕು ಅಂತ ಕಾಣುತ್ತದೆ ಅಲ್ವಾ? ನಾವು 48 ಹಾಕಿದ್ದೇವೆ. ಜನ ತುಂಬಿ ನಿಂತಾಗಲೂ ಡ್ರಮ್ ಅರ್ಧದ ಹತ್ತಿರ ನೀರಿನ ಮೇಲೆಯೇ ಇರಬೇಕು, ಯಾಕೆಂದರೆ ದೋಣಿ ಬಂದ ಕೂಡಲೇ ಎಲ್ಲರೂ ಒಂದೇ ಅಂಚಿಗೆ ಓಡುತ್ತಾರೆ. ಇದೇ ಕಾರಣಕ್ಕೆ ಅಗಲ ಕಡಿಮೆ ಮಾಡಬೇಡಿ. ಒಂದೂವರೆ ಮೀಟರ್ ಅಗಲದ ಜೆಟ್ಟಿ ಅಂಚಿಗೆ ಜನ ಸೇರಿದರೆ ವಾಲುತ್ತದೆ, ವಯಸ್ಸಾದವರು ನೀರಿಗೆ ಬೀಳುತ್ತಾರೆ.

ಡ್ರಮ್ಮಿನ ಬಗ್ಗೆ ಒಂದು ಸಣ್ಣ ವಿಷಯ. ಮಧ್ಯಾಹ್ನದ ಬಿಸಿಲಿನಲ್ಲಿ ಮುಚ್ಚಳ ಬಿಗಿಯಬೇಡಿ. ಆಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ. ನೀರಿಗಿಳಿಸಿದ ಮೇಲೆ ತಣ್ಣಗಾಗಿ ಕುಗ್ಗುತ್ತದೆ, ಮುಚ್ಚಳದ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಬೆಳಗ್ಗೆ ಬೇಗ, ತಂಪಿನಲ್ಲಿ ಬಿಗಿಯಿರಿ. ರಾಸಾಯನಿಕ ತುಂಬಿದ್ದ ಡ್ರಮ್ ಬೇಡವೇ ಬೇಡ, ಎಷ್ಟು ತೊಳೆದರೂ ಅದು ಹೊಳೆಗೇ ಹೋಗುತ್ತದೆ. ಬರೀ ಥರ್ಮಕೋಲ್ ತುಂಡು ಕಟ್ಟಿ ತೇಲಿಸುವುದೂ ಬೇಡ, ಪುಡಿಯಾಗಿ ಹೊಳೆ ತುಂಬ ಹರಡುತ್ತದೆ. ದುಡ್ಡು ಇದ್ದರೆ 50 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ತೇಲು ಬ್ಲಾಕುಗಳು ಸಿಗುತ್ತವೆ, ಚದರ ಮೀಟರಿಗೆ ಸುಮಾರು 350 ಕೆಜಿ ಹೊರುತ್ತವೆ. ಜೋಡಿಸುವುದೂ ಬಿಚ್ಚುವುದೂ ಸುಲಭ.

ಈಗ ನಮ್ಮ ಮೊದಲ ಜೆಟ್ಟಿ ಹೋದ ಕಥೆ. ಒಂದೊಂದು ಟನ್ನಿನ ನಾಲ್ಕು ಕಾಂಕ್ರೀಟ್ ಬ್ಲಾಕ್ ಎರಕ ಹೊಯ್ದು, ಹೊಳೆಗೆ ಇಳಿಸಿ, ನೈಲಾನ್ ಹಗ್ಗದಿಂದ ಜೆಟ್ಟಿ ಕಟ್ಟಿದ್ದೆವು. ನಾಲ್ಕು ಟನ್ ಹಿಡಿದಿದೆ, ಇನ್ನೇನು ಬೇಕು ಅಂದುಕೊಂಡೆವು. ಕಾಂಕ್ರೀಟ್ ನೀರಿಗೆ ಹೋದರೆ ತೂಕ ಕಳೆದುಕೊಳ್ಳುತ್ತದೆ ಅನ್ನುವುದು ಆಗ ತಲೆಗೆ ಬರಲಿಲ್ಲ. ದಡದ ಮೇಲೆ ಒಂದು ಟನ್ ಇರುವ ಬ್ಲಾಕ್ ನೀರಿನಲ್ಲಿ 600 ಕೆಜಿಯೂ ತೂಗುವುದಿಲ್ಲ. ಅದೂ ಮರಳಿನ ಮೇಲೆ ಸುಮ್ನೆ ಕೂತಿದ್ದರೆ, ಅಡ್ಡಕ್ಕೆ 300 ಕೆಜಿ ಎಳೆತ ಬಂದರೆ ಸಾಕು, ಜಾರಲು ಶುರು.

ಎಳೆತ ಎಲ್ಲಿಂದ ಬಂತು ಅಂದರೆ ನೆರೆಯಿಂದ. ನಮ್ಮ ಹೊಳೆಗಳು ಗಿಡ್ಡ, ಘಟ್ಟದಿಂದ ಇಳಿದು ಬೇಗ ಸಮುದ್ರ ಸೇರುತ್ತವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿಯುವ ನೀರು ಎದುರಿಗೆ ಸಿಕ್ಕ ಪ್ರತಿ ಚದರ ಮೀಟರ್ ಮೇಲೆ 200 ಕೆಜಿಯಷ್ಟು ತಳ್ಳುತ್ತದೆ. ಜೆಟ್ಟಿಯೊಂದೇ ಆಗಿದ್ದರೆ ತಡೆಯುತ್ತಿತ್ತೋ ಏನೋ. ಆದರೆ ಅದಕ್ಕೆ ಐದು ದೋಣಿ ಕಟ್ಟಿದ್ದರು, ಮೇಲಿನಿಂದ ಒಂದು ಇಡೀ ಮರ ಬೇರು ಸಮೇತ ಬಂದು ಅಡ್ಡ ಸಿಕ್ಕಿಕೊಂಡಿತು. ಜುಲೈ ತಿಂಗಳು, ರಾತ್ರಿ ಎರಡು ಗಂಟೆ. ಎರಡು ಬ್ಲಾಕ್ ಜಾರಿದವು. ಇನ್ನೆರಡರ ಹಗ್ಗ ಕಾಂಕ್ರೀಟಿನ ಅಂಚಿಗೆ ಉಜ್ಜಿ ಉಜ್ಜಿ ಆಗಲೇ ಅರ್ಧ ಸವೆದಿತ್ತು, ಪಟ್ಟನೆ ಹರಿಯಿತು. ಬೆಳಗ್ಗೆ ಜೆಟ್ಟಿ ಕಾಂಡ್ಲದ (ಮ್ಯಾಂಗ್ರೋವ್) ಗಿಡಗಳ ನಡುವೆ ಮಗುಚಿ ಬಿದ್ದಿತ್ತು. ಎರಡು ದೋಣಿ ಒಡೆದವು. ಯಾರಿಗೂ ಏನೂ ಆಗಲಿಲ್ಲ, ಆದರೆ ದೋಣಿ ಕಳೆದುಕೊಂಡ ಒಬ್ಬರ ಮನೆಗೆ ಹೋಗಿ ಮಾತಾಡಿದ್ದು ನನಗೆ ಇನ್ನೂ ನೆನಪಿದೆ. ಫ್ರೇಮ್ ವೆಲ್ಡ್ ಮಾಡಿದ್ದು ನಾನು, ಹಗ್ಗ ಸಾಕು ಅಂದಿದ್ದೂ ನಾನೇ.

ಎರಡನೆಯದಕ್ಕೆ ಬ್ಲಾಕ್ ಬಿಟ್ಟು ಕಂಬ ಹಾಕಿದೆವು. ಹೊಳೆಯ ತಳಕ್ಕೆ ದಪ್ಪ ಕಬ್ಬಿಣದ ಪೈಪ್ ಇಳಿಸಿ, ಒಳಗೆ ಕಾಂಕ್ರೀಟ್ ತುಂಬಿ, ಜೆಟ್ಟಿಯ ಫ್ರೇಮಿಗೆ ಬಳೆಯಂಥ ರಿಂಗ್ ಬೆಸೆದು ಕಂಬಕ್ಕೆ ತೊಡಿಸಿದ್ದೇವೆ. ರಿಂಗ್ ಒಳಗೆ ನೈಲಾನ್ ರೋಲರ್ ಇದೆ. ಜೆಟ್ಟಿ ಮೇಲೆ ಕೆಳಗೆ ಹೋಗುತ್ತದೆ, ಪಕ್ಕಕ್ಕೆ ಎಲ್ಲೂ ಹೋಗುವುದಿಲ್ಲ. ಕಂಬ ಎಷ್ಟು ಆಳ ಇಳಿಯಬೇಕು ಅನ್ನುವುದು ತಳ ಮರಳಾ ಕೆಸರಾ ಅನ್ನುವುದರ ಮೇಲೆ ಹೋಗುತ್ತದೆ, ಇದನ್ನು ಅಂದಾಜಿನಲ್ಲಿ ಮಾಡಬೇಡಿ. ಕಂಬದ ಬುಡದ ಮರಳನ್ನು ನೆರೆ ಕೊರೆದುಕೊಂಡೂ ಹೋಗುತ್ತದೆ. ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗ ಇದೆ, ಅಂಥ ಕಡೆ ಕಲಿತ ಎಂಜಿನಿಯರ್ ಒಬ್ಬರಿಂದ ಲೆಕ್ಕ ಹಾಕಿಸಿ. ಬೇರೆ ಎಲ್ಲ ಊರವರೇ ಮಾಡಬಹುದು, ಈ ಒಂದು ಕೆಲಸಕ್ಕೆ ಮಾತ್ರ ತಿಳಿದವರು ಬೇಕೇ ಬೇಕು.

ಕಂಬದ ತುದಿಯ ಎತ್ತರದಲ್ಲಿ ಇನ್ನೊಂದು ಅಪಾಯ ಇದೆ. ಭರತಕ್ಕೆ, ಅಂದರೆ ದಿನದ ಏರುನೀರಿನ ಮಟ್ಟಕ್ಕೆ, ಸರಿಯಾಗಿ ಕಂಬ ಹಾಕಿದರೆ, ನೆರೆ ಬಂದಾಗ ಜೆಟ್ಟಿ ತೇಲಿ ತೇಲಿ ಕಂಬದ ತುದಿಯನ್ನೇ ದಾಟಿ ಕಳಚಿಕೊಂಡು ಹೋಗುತ್ತದೆ. ಊರಿನ ಹಿರಿಯರನ್ನು ಕೇಳಿ, ದೊಡ್ಡ ನೆರೆಯಲ್ಲಿ ಯಾವ ಮನೆಯ ಯಾವ ಮೆಟ್ಟಿಲವರೆಗೆ ನೀರು ಬಂದಿತ್ತು ಅಂತ. ನಮ್ಮಲ್ಲಿ ಒಬ್ಬ ಅಜ್ಜಿ ಹಟ್ಟಿಯ ಗೋಡೆಯಲ್ಲಿ ಕೈಯಿಟ್ಟು ತೋರಿಸಿದರು. ಆ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಕಂಬದ ತುದಿ ಇಟ್ಟೆವು.

ಇಷ್ಟು ಮಾಡಿದರೂ ನಾವು ಮಳೆಗಾಲದಲ್ಲಿ ಪೂರ್ತಿ ಜೆಟ್ಟಿ ನೀರಿನಲ್ಲಿ ಬಿಡುವುದಿಲ್ಲ. 12 ಮೀಟರನ್ನು ಮೂರು ಮೂರು ಮೀಟರಿನ ನಾಲ್ಕು ತುಂಡಾಗಿ ಮಾಡಿದ್ದೇವೆ, ಒಂದೊಂದಕ್ಕೆ 12 ಡ್ರಮ್. ತುಂಡುಗಳ ನಡುವೆ ದಪ್ಪ ಪಿನ್ನು, ಉಜ್ಜದ ಹಾಗೆ ಹಳೆ ಟಯರಿನ ಪಟ್ಟಿ. ಒಂದು ತುಂಡು ಅರ್ಧ ಟನ್ನಿನ ಹತ್ತಿರ ತೂಗುತ್ತದೆ. ತೆಂಗಿನ ಕಾಂಡದ ಮೇಲೆ ಉರುಳಿಸಿಕೊಂಡು ಇಪ್ಪತ್ತು ಜನ ದಡಕ್ಕೆ ಎಳೆಯಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಹೇಗೂ ನಿಷೇಧ ಇದೆ. ಆದರೆ ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ, ಅವರನ್ನು ಬಿಟ್ಟು ನಿರ್ಧಾರ ಮಾಡಬಾರದು. ಅವರ ಜೊತೆ ಕೂತು ಮಾತಾಡಿ, ದಡದ ಪಕ್ಕದ ಒಂದು ತುಂಡನ್ನು ಮಾತ್ರ ಹಾಗೇ ಬಿಡುತ್ತೇವೆ. ನೆರೆಯ ಸೂಚನೆ ಬಂದರೆ ಅದಕ್ಕೂ ದೋಣಿ ಕಟ್ಟುವಂತಿಲ್ಲ.

ದಡದಿಂದ ಜೆಟ್ಟಿಗೆ ಹೋಗುವ ಸಂಕದ ಬಗ್ಗೆ ಜನ ಕೊನೆಗೆ ಯೋಚಿಸುತ್ತಾರೆ. ಬುಟ್ಟಿ ಹೊತ್ತವರಿಗೆ ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವುದಕ್ಕಿಂತ ಜಾಸ್ತಿ ಇಳಿಜಾರು ಆಗಬಾರದು. ಇಳಿತದಲ್ಲಿ ಜೆಟ್ಟಿ ದಕ್ಕೆಗಿಂತ 1.8 ಮೀಟರ್ ಕೆಳಗೆ ಹೋದರೆ ಸಂಕ 7 ಮೀಟರಿನ ಮೇಲೆ ಉದ್ದ ಬೇಕು. ದಡದ ತುದಿಗೆ ಕೀಲು, ಜೆಟ್ಟಿಯ ತುದಿಗೆ ಚಕ್ರ. ಸಂಕದ ಅರ್ಧ ಭಾರ ಜೆಟ್ಟಿಯ ಆ ಮೂಲೆಗೆ ಬೀಳುತ್ತದೆ, ಅಲ್ಲಿ ಹೆಚ್ಚಿಗೆ ತೇಲುವ ಶಕ್ತಿ ಕೊಡಿ. ಕಂಬ, ಸಂಕ ಎರಡಕ್ಕೇ ನಮ್ಮ ಅರ್ಧಕ್ಕಿಂತ ಜಾಸ್ತಿ ದುಡ್ಡು ಹೋಯಿತು.

ಬೋಲ್ಟು, ಪಿನ್ನು ಎಲ್ಲ ಗ್ಯಾಲ್ವನೈಸ್ ಮಾಡಿದ್ದೇ ಇರಲಿ. ಒಂದು ಕಡೆ ಸ್ಟೇನ್‌ಲೆಸ್ ಸ್ಟೀಲ್, ಇನ್ನೊಂದು ಕಡೆ ಕಬ್ಬಿಣ ಅಂತ ಬೆರೆಸಿದರೆ ಉಪ್ಪುನೀರಿನಲ್ಲಿ ಒಂದು ಇನ್ನೊಂದನ್ನು ತಿನ್ನುತ್ತದೆ. ಹಲಗೆಗೆ ಕಿರಾಲುಭೋಗಿ ಸಿಕ್ಕರೆ ಒಳ್ಳೆಯದು, ದೋಣಿಗೆ ಹಾಕುತ್ತಿದ್ದ ಮರ. ವರ್ಷಕ್ಕೊಮ್ಮೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ. ಡ್ರಮ್ಮಿನ ಅಡಿಗೆ ಕಟ್ಟಿದ ಚಿಪ್ಪು ಕೆರೆದು ತೆಗೆಯಿರಿ, ಅದರ ಭಾರವೂ ಕಡಿಮೆಯಲ್ಲ. ಪ್ಲಾಸ್ಟಿಕ್ ಜೆಟ್ಟಿಯ ಮೇಲೆ ಡೀಸೆಲ್ ಕ್ಯಾನ್ ಇಡಲು, ಸ್ಟವ್ ಹಚ್ಚಲು ಬಿಡಬೇಡಿ. 2023ರ ನವೆಂಬರ್‌ನಲ್ಲಿ ಗಂಗೊಳ್ಳಿಯಲ್ಲಿ ಒತ್ತೊತ್ತಾಗಿ ನಿಂತಿದ್ದ ಬೋಟುಗಳಿಗೆ ಬೆಂಕಿ ಹಬ್ಬಿದ್ದನ್ನು ನೀವೂ ಕೇಳಿರುತ್ತೀರಿ.

ಅನುಮತಿ ಮೊದಲೇ ತೆಗೆದುಕೊಳ್ಳಿ. ಭರತದ ನೀರು ಬರುವ ಹೊಳೆಯೂ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಒಳಗೇ ಬರುತ್ತದೆ. ಪಂಚಾಯಿತಿಯ ಕಾಗದ ಒಂದೇ ಸಾಲದು, ಮೀನುಗಾರಿಕೆ ಇಲಾಖೆ, ಬಂದರು ಇಲಾಖೆ ಎರಡರಲ್ಲೂ ಸಂಘದ ಹೆಸರಿನಲ್ಲಿ ಅರ್ಜಿ ಕೊಡಿ. ಕೇಂದ್ರದ ಬಂದರು ಸಚಿವಾಲಯ 2021ರಲ್ಲಿ ತೇಲುವ ಜೆಟ್ಟಿಗಳಿಗೆಂದೇ ಕರಡು ಮಾರ್ಗಸೂಚಿ ತಂದಿತ್ತು, ಎಂಜಿನಿಯರ್ ಹತ್ತಿರ ಅದನ್ನು ನೋಡಲು ಹೇಳಿ. ಕಾಂಡ್ಲ ಇರುವ ದಡ ಬಿಟ್ಟುಬಿಡಿ. ಕಾಂಡ್ಲ ಕಡಿದು ಜಾಗ ಮಾಡಿದರೆ ಮೀನಿನ ಮರಿಗೂ ಜಾಗ ಹೋಗುತ್ತದೆ, ದಡವೂ ಕೊರೆಯುತ್ತದೆ.

ನಿಮ್ಮ ಹೊಳೆ ಯಾವುದು, ತಳ ಮರಳಾ ಕೆಸರಾ, ಅಮಾವಾಸ್ಯೆಯ ಇಳಿತಕ್ಕೆ ಆಳ ಎಷ್ಟು, ಹಳೆ ನೆರೆಯ ಗುರುತು ಎಲ್ಲಿದೆ, ಇಷ್ಟು ಅಳೆದು ಇಲ್ಲೇ ಬರೆಯಿರಿ. ಫ್ರೇಮಿನ ಅಳತೆ, ರಿಂಗ್ ಬೆಸೆಯುವ ರೀತಿ ನಾನು ಚಿತ್ರ ಬರೆದು ಹಾಕುತ್ತೇನೆ.