ಬಿಎಂಶ್ರೀ ಪದ್ಯ ಹಾಡಿದ್ದಕ್ಕೆ ಯೂಟ್ಯೂಬ್ ಕ್ಲೇಮ್: ತಕರಾರು ಬಹುಶಃ ಟ್ಯೂನಿನದು

ಕವಿ ಬಿಎಂಶ್ರೀ ಅವರ ಪದ್ಯ ಹಾಡಿ ಯೂಟ್ಯೂಬಿಗೆ ಹಾಕಿದ್ದಕ್ಕೆ ಕಾಪಿರೈಟ್ ಕ್ಲೇಮ್ (‘ಇದರ ಹಕ್ಕು ನಮ್ಮದು’ ಎಂಬ ತಕರಾರು) ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಕ್ಲೇಮ್ ಬಂದಿರುವುದು ಪದ್ಯಕ್ಕಲ್ಲ, ಟ್ಯೂನಿಗೆ ಅಥವಾ ಹಿಂದೆ ಹಾಕಿದ ಟ್ರ್ಯಾಕಿಗೆ (ಹಿನ್ನೆಲೆ ಸಂಗೀತಕ್ಕೆ) ಇರಬೇಕು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಪದ್ಯದ ಹಕ್ಕು ಕವಿ ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ. ಬಿಎಂಶ್ರೀ ತೀರಿಕೊಂಡದ್ದು 1946ರಲ್ಲಿ, ಅಂದರೆ 2006ರ ಕೊನೆಗೇ ಮುಗಿಯಿತು. (ಬೇಂದ್ರೆಯವರದು ಹಾಗಲ್ಲ, 2041ರ ಕೊನೆಯವರೆಗೂ ಇದೆ. ‘ಹಳೇ ಪದ್ಯ ಅಲ್ವಾ’ ಅಂತ ಹಾಡಿಬಿಡಬೇಡಿ.)

ಆದರೆ ರಾಗ ಹಾಕಿದವರ ಹಕ್ಕು ಬೇರೆ. ಅದೂ ಅವರು ತೀರಿಕೊಂಡ ಮೇಲೆ 60 ವರ್ಷ. ಕ್ಯಾಸೆಟ್ಟಿನ ಧ್ವನಿಮುದ್ರಣಕ್ಕೆ ಮೂರನೇ ಹಕ್ಕು, ಬಿಡುಗಡೆಯಾದ ಮೇಲೆ 60 ವರ್ಷ.

ಮೊದಲು ಯೂಟ್ಯೂಬ್ ಸ್ಟುಡಿಯೋದಲ್ಲಿ (ನಿಮ್ಮ ಚಾನೆಲ್ ನೋಡಿಕೊಳ್ಳುವ ಪುಟ) ಆ ವಿಡಿಯೋದ ಕಾಪಿರೈಟ್ ವಿವರ ತೆರೆಯಿರಿ. ಎಷ್ಟನೇ ನಿಮಿಷದ್ದು, ಯಾರ ಕ್ಲೇಮು, ರೆಕಾರ್ಡಿಂಗಿಗೋ ಟ್ಯೂನಿಗೋ ಅಂತ ಅಲ್ಲೇ ಇರುತ್ತದೆ. ಟ್ರ್ಯಾಕಿನದಾದರೆ ಅಲ್ಲಿಯೇ ಆ ಭಾಗ ಮ್ಯೂಟ್ ಮಾಡಬಹುದು. ಟ್ಯೂನಿನದಾದರೆ ನಿಮ್ಮದೇ ರಾಗದಲ್ಲಿ ಹಾಡಿ ಹೊಸದಾಗಿ ಹಾಕಿ, ಇಲ್ಲವೇ ಸುಮ್ನೆ ಓದಿ. ನನ್ನನ್ನು ಕೇಳಿದರೆ ಓದುವುದೇ ಚೆಂದ.

ಟ್ಯೂನೂ ನಿಮ್ಮದೇ, ಟ್ರ್ಯಾಕೂ ನಿಮ್ಮದೇ ಆಗಿದ್ದರೆ ಮಾತ್ರ ಡಿಸ್‌ಪ್ಯೂಟ್ (ಕ್ಲೇಮಿಗೆ ಆಕ್ಷೇಪಣೆ) ಒತ್ತಿ. ಕವಿ ತೀರಿಕೊಂಡ ವರ್ಷ ಬರೆಯಿರಿ. ಉತ್ತರಿಸಲು ಕ್ಲೇಮ್ ಹಾಕಿದವರಿಗೆ 30 ದಿನ ಇರುತ್ತದೆ. ಬರೀ ಕ್ಲೇಮ್ ಆದರೆ ಚಾನೆಲ್‌ಗೆ ಸ್ಟ್ರೈಕ್ (ನಿಯಮ ಮುರಿದದ್ದಕ್ಕೆ ಬೀಳುವ ದಂಡನೆ) ಬೀಳುವುದಿಲ್ಲ, ಗಾಬರಿ ಬೇಡ.

‘ಸ್ವಲ್ಪ ಭಾಗ ಬಳಸಬಹುದಲ್ಲವಾ’ ಅಂತಲೂ ಕೇಳಿದ್ದೀರಿ. ಪ್ರಕಟವಾದ ಕೃತಿಯ ಒಂದಷ್ಟು ಭಾಗವನ್ನು ಸಾರ್ವಜನಿಕವಾಗಿ ಓದಲು ಕಾಯ್ದೆಯ 52ನೇ ಸೆಕ್ಷನ್ ಬಿಡುತ್ತದೆ. ಆದರೆ ಎಷ್ಟು ಸಾಲು ಅಂತ ಎಲ್ಲೂ ಹೇಳಿಲ್ಲ, ಜಗಳವಾದರೆ ಕೋರ್ಟೇ ಹೇಳಬೇಕು. ಇಡೀ ಹಾಡಿಗೆ ಅದನ್ನು ನಂಬಿಕೊಳ್ಳಬೇಡಿ.